ಸ್ಪ್ಲಿಟ್ ಮಾಡಿದ ಕೂಡಲೇ ಗುಂಯ್: ಗಿಟಾರ್ ಪಿಕಪ್ ವೈರಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಗಿಟಾರಿನಲ್ಲಿ ಎರಡು ಹಂಬಕರ್ (ಎರಡೆರಡು ಕಾಯಿಲ್ ಇರುವ ಪಿಕಪ್, ಅಂದರೆ ತಂತಿಯ ಅದುರನ್ನು ಹಿಡಿಯುವ ಸಾಧನ) ಇವೆ. ಎರಡೂ ಸೇಮೋರ್ ಡಂಕನ್ ಕಂಪನಿಯವು, ನಾಲ್ಕು ವೈರಿನವು. ಪುಷ್-ಪುಲ್ ಪಾಟ್ (ಎಳೆದು ಒತ್ತುವ ಸ್ವಿಚ್ ಇರುವ ನಾಬ್) ಹಾಕಿ ಕಾಯಿಲ್ ಸ್ಪ್ಲಿಟ್ ಮಾಡಿಕೊಂಡೆ, ಅಂದರೆ ಎಳೆದಾಗ ಒಂದು ಕಾಯಿಲ್ ಮಾತ್ರ ಕೆಲಸ ಮಾಡುವ ಹಾಗೆ. ನಾಬ್ ಮೇಲಕ್ಕೆ ಎಳೆದ ಕೂಡಲೇ ಆಂಪಿನಲ್ಲಿ ಗುಂಯ್ ಅಂತ ಶುರುವಾಗುತ್ತದೆ. ಒತ್ತಿದರೆ ನಿಲ್ಲುತ್ತದೆ. ಪಿಕಪ್ ಆರಿಸುವ ಸೆಲೆಕ್ಟರ್ ಸ್ವಿಚ್ ನಡುವೆ ಇಟ್ಟು ಎರಡೂ ಪಿಕಪ್ ಒಟ್ಟಿಗೆ ನುಡಿಸಿದರೂ ಅದೇ ಕತೆ. ಬೆಸುಗೆ ಎಲ್ಲಾದರೂ ತಪ್ಪಿದೆಯಾ?

ಉತ್ತರ: ಬೆಸುಗೆ ಸರಿಯಾಗಿಯೇ ಇದೆ. ತಪ್ಪಿದ್ದರೆ ನಾಬ್ ಒತ್ತಿದಾಗ ಸದ್ದು ನಿಲ್ಲುತ್ತಿರಲಿಲ್ಲ. ನೀವು ಕೇಳುತ್ತಿರುವುದು ಸ್ಪ್ಲಿಟ್‌ಗೆ ತೆರಬೇಕಾದ ಬೆಲೆ. ಆದರೆ ಸೆಲೆಕ್ಟರ್ ನಡುವೆ ಇದ್ದಾಗ ಆ ಬೆಲೆ ತೆರಬೇಕಾಗಿಲ್ಲ. ಅಲ್ಲಿ ಒಂದು ವೈರ್ ಬೇರೆ ಕಡೆ ಹೋಗಬೇಕಿತ್ತು, ಅಷ್ಟೇ.

ಮೊದಲು ಹಂಬಕರ್ ಒಳಗೆ ಏನಾಗುತ್ತದೆ ನೋಡೋಣ. ಸಿಂಗಲ್ ಕಾಯಿಲ್ ಪಿಕಪ್ ಅಂದರೆ ಕೂದಲಿನಷ್ಟು ಸಣ್ಣ ತಾಮ್ರದ ವೈರಿನ ಸಾವಿರಾರು ಸುತ್ತು. ಅದು ಗಿಟಾರ್ ತಂತಿಯ ಅದುರನ್ನು ಹಿಡಿಯುತ್ತದೆ. ಜೊತೆಗೆ ಆಂಟೆನಾದ ಹಾಗೆ ಮನೆಯ ಕರೆಂಟಿನ ಸದ್ದನ್ನೂ ಹಿಡಿಯುತ್ತದೆ. ಆ ಕರೆಂಟು ಕೆಲವು ದೇಶಗಳಲ್ಲಿ 50 ಹರ್ಟ್ಸ್, ಕೆಲವೆಡೆ 60. ಗಿಬ್ಸನ್ ಕಂಪನಿಯಲ್ಲಿದ್ದ ಸೇತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಉಪಾಯ ಹೀಗಿತ್ತು: ಪಕ್ಕಪಕ್ಕ ಎರಡು ಕಾಯಿಲ್ ಇಡುವುದು, ಒಂದರ ಕೆಳಗೆ ಮ್ಯಾಗ್ನೆಟ್ಟಿನ ಉತ್ತರ ಧ್ರುವ, ಇನ್ನೊಂದರ ಕೆಳಗೆ ದಕ್ಷಿಣ ಧ್ರುವ, ಜೊತೆಗೆ ಎರಡನ್ನೂ ವಿರುದ್ಧ ದಿಕ್ಕಿಗೆ ಜೋಡಿಸುವುದು. ಹೊರಗಿನ ಗುಂಯ್ ಸದ್ದಿಗೆ ಮ್ಯಾಗ್ನೆಟ್ಟಿನ ಹಂಗಿಲ್ಲ. ಹಾಗಾಗಿ ಅದು ಎರಡು ಕಾಯಿಲ್‌ಗಳಲ್ಲಿ ಎದುರುಬದುರಾಗಿ ಬರುತ್ತದೆ. ಹಗ್ಗಜಗ್ಗಾಟದಲ್ಲಿ ಎರಡೂ ತಂಡ ಸಮಬಲ ಇದ್ದ ಹಾಗೆ, ಯಾವ ಕಡೆಗೂ ಏನೂ ಸರಿಯುವುದಿಲ್ಲ. ತಂತಿಯ ಸದ್ದಿನ ವಿಷಯ ಬೇರೆ. ಅಲ್ಲಿ ಕಾಯಿಲ್‌ನಿಂದಾಗಿ ಸದ್ದು ಒಮ್ಮೆ ತಿರುಗುತ್ತದೆ, ಮ್ಯಾಗ್ನೆಟ್‌ನಿಂದಾಗಿ ಇನ್ನೊಮ್ಮೆ ತಿರುಗುತ್ತದೆ. ಎರಡು ಸಲ ತಿರುಗಿದ್ದು ನೇರವಾಗಿಯೇ ನಿಲ್ಲುತ್ತದೆ, ಅಲ್ವಾ? ಸದ್ದು ಕೂಡುತ್ತದೆ, ಗುಂಯ್ ಕಳೆಯುತ್ತದೆ. (ಪೇಟೆಂಟ್ ಸಿಕ್ಕಿದ್ದು 1959ರಲ್ಲಿ. ಅದಕ್ಕೂ ಮುಂಚೆ, ಆಮೇಲೂ ಕೆಲವು ವರ್ಷ ಪಿಕಪ್ ತಳದಲ್ಲಿ ‘ಪೇಟೆಂಟ್ ಅಪ್ಲೈಡ್ ಫಾರ್’ ಅನ್ನುವ ಚೀಟಿ ಅಂಟಿಸುತ್ತಿದ್ದರು. ಆ ಚೀಟಿಯ ಪಿಕಪ್‌ಗಾಗಿ ಜನ ಇವತ್ತಿಗೂ ಆಸ್ತಿ ಕರಗಿಸುತ್ತಾರೆ.)

ಸ್ಪ್ಲಿಟ್ ಮಾಡಿದಾಗ ನೀವು ಒಂದು ಕಾಯಿಲನ್ನು ಮಲಗಿಸುತ್ತೀರಿ. ಉಳಿದದ್ದು ಒಂಟಿ ಕಾಯಿಲ್. ಒಂಟಿ ಕಾಯಿಲ್ ಗುಂಯ್ ಅನ್ನದೇ ಇರುವುದಿಲ್ಲ. ಇಷ್ಟನ್ನು ಒಪ್ಪಿಕೊಳ್ಳಲೇಬೇಕು.

ಈಗ ನಡುವಿನ ಸ್ಥಾನಕ್ಕೆ ಬರೋಣ. ಅಲ್ಲಿ ನೆಕ್ ಪಿಕಪ್ಪಿನ (ಗಿಟಾರಿನ ಕತ್ತಿನ ಕಡೆಯದ್ದು) ಒಂದು ಕಾಯಿಲ್, ಬ್ರಿಡ್ಜ್ ಪಿಕಪ್ಪಿನ (ತಂತಿ ಕೂರುವ ಬುಡದ ಕಡೆಯದ್ದು) ಒಂದು ಕಾಯಿಲ್ ಒಟ್ಟಿಗೆ ಕೆಲಸ ಮಾಡುತ್ತಿವೆ. ಇವೆರಡು ಒಂದಕ್ಕೊಂದು ವಿರುದ್ಧ ಜಾತಿಯವಾದರೆ ಎರಡೂ ಸೇರಿ ಒಂದು ದೊಡ್ಡ ಹಂಬಕರ್ ಆಗುತ್ತವೆ. ನಿಮ್ಮ ಗಿಟಾರಿನಲ್ಲಿ ಎರಡರಲ್ಲೂ ಉತ್ತರ ಧ್ರುವದ ಕಾಯಿಲ್ಲೇ ಉಳಿದಿದೆ. ಯಾಕೆ ಅಂದರೆ ಎರಡನ್ನೂ ಒಂದೇ ಥರ ವೈರ್ ಮಾಡಿದ್ದೀರಿ. ಪೆಟ್ಟಿಗೆಯಲ್ಲಿ ಬರುವ ಚಿತ್ರದಲ್ಲಿ ಒಂದು ಪಿಕಪ್ ಅಷ್ಟೇ ಇರುತ್ತದೆ. ಅದನ್ನೇ ಎರಡು ಸಲ ನಕಲು ಮಾಡಿದರೆ ಹೀಗಾಗುತ್ತದೆ.

ನಿಮ್ಮ ಪಿಕಪ್ಪಿನ ಬಣ್ಣಗಳು ಹೀಗಿವೆ: ಕಪ್ಪು ಹಾಟ್ (ಸದ್ದನ್ನು ಆಂಪ್ ಕಡೆಗೆ ಒಯ್ಯುವ ವೈರ್), ಹಸಿರು ಗ್ರೌಂಡ್, ಕೆಂಪು ಮತ್ತು ಬಿಳಿ ಎರಡು ಕಾಯಿಲ್ ಸೇರುವ ಜಾಗ. ಹೊದಿಕೆ ಇಲ್ಲದ ಬೋಳು ವೈರ್ ಯಾವಾಗಲೂ ಗ್ರೌಂಡಿಗೆ. ಉತ್ತರದ ಕಾಯಿಲ್ ಕಪ್ಪಿನಿಂದ ಬಿಳಿಗೆ, ದಕ್ಷಿಣದ್ದು ಕೆಂಪಿನಿಂದ ಹಸಿರಿಗೆ. ಕೆಂಪು-ಬಿಳಿ ಜೋಡಿಯನ್ನು ಪುಷ್-ಪುಲ್ ಸ್ವಿಚ್ಚಿನ ನಡುವಿನ ಕಾಲಿಗೆ ಬೆಸೆಯುತ್ತೀರಿ. ನಾಬ್ ಎಳೆದಾಗ ಅದು ಮುಟ್ಟುವ ಕಾಲು ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ಯಾವ ಕಾಯಿಲ್ ಉಳಿಯುತ್ತದೆ ಅನ್ನುವುದು ನಿಂತಿದೆ.

ಆ ಕಾಲನ್ನು ಗ್ರೌಂಡಿಗೆ ಕೊಟ್ಟರೆ ಕೆಂಪೂ ಗ್ರೌಂಡ್, ಹಸಿರೂ ಗ್ರೌಂಡ್. ದಕ್ಷಿಣದ ಕಾಯಿಲ್ ಮಲಗಿತು, ಉತ್ತರದ್ದು ಉಳಿಯಿತು. ಅದೇ ಕಾಲನ್ನು ಕಪ್ಪು ವೈರಿಗೆ, ಅಂದರೆ ಹಾಟ್‌ಗೆ ಕೊಟ್ಟರೆ ಕಪ್ಪು-ಬಿಳಿ ಒಂದಾಗಿ ಉತ್ತರದ ಕಾಯಿಲ್ ಮಲಗುತ್ತದೆ, ದಕ್ಷಿಣದ್ದು ಉಳಿಯುತ್ತದೆ. ಒಂದು ಪಿಕಪ್ಪಿಗೆ ಮೊದಲನೇ ಥರ, ಇನ್ನೊಂದಕ್ಕೆ ಎರಡನೇ ಥರ ಮಾಡಿ. ಕಪ್ಪಿಗೆ ಕೊಡುವಾಗ ಸೆಲೆಕ್ಟರ್ ಸ್ವಿಚ್ಚಿಗಿಂತ ಮುಂಚೆ, ಆ ಪಿಕಪ್ಪಿನ ಸ್ವಂತ ವೈರಿಗೇ ಕೊಡಿ. ಇಲ್ಲದಿದ್ದರೆ ಇನ್ನೊಂದು ಪಿಕಪ್ ನುಡಿಸುವಾಗಲೂ ಅದು ನಡುವೆ ಬಾಯಿ ಹಾಕುತ್ತದೆ.

ಯಾವುದಕ್ಕೆ ಯಾವುದು? ನನ್ನ ಆಯ್ಕೆ ಕೇಳಿದರೆ ಬ್ರಿಡ್ಜಿನಲ್ಲಿ ಗ್ರೌಂಡಿಗೆ, ನೆಕ್‌ನಲ್ಲಿ ಹಾಟ್‌ಗೆ. ಸಾಮಾನ್ಯವಾಗಿ ಸ್ಕ್ರೂ ಇರುವ ಕಾಯಿಲ್ ಬ್ರಿಡ್ಜ್ ಪಿಕಪ್ಪಿನಲ್ಲಿ ಬ್ರಿಡ್ಜಿನ ಕಡೆಗೂ ನೆಕ್ ಪಿಕಪ್ಪಿನಲ್ಲಿ ನೆಕ್ ಕಡೆಗೂ ಇರುತ್ತದೆ. ನಿಮ್ಮ ಪಿಕಪ್‌ಗಳಲ್ಲಿ ಸ್ಕ್ರೂ ಇರುವುದು ದಕ್ಷಿಣದ್ದು. ನಾನು ಹೇಳಿದ ಹಾಗೆ ಮಾಡಿದರೆ ಬ್ರಿಡ್ಜಿನಲ್ಲಿ ಒಳಗಿನ ಕಾಯಿಲ್ ಉಳಿಯುತ್ತದೆ. ಬ್ರಿಡ್ಜಿನಿಂದ ಚೂರು ದೂರ ಇರುವುದರಿಂದ ಸದ್ದು ಅಷ್ಟು ಕೀರಲಾಗಿರುವುದಿಲ್ಲ. ನೆಕ್‌ನಲ್ಲಿ ನೆಕ್ ಪಕ್ಕದ್ದೇ ಉಳಿದು ದಪ್ಪ ಸದ್ದು ಕೊಡುತ್ತದೆ.

ಮುಚ್ಚಳ ಹಾಕುವ ಮುಂಚೆ ಆಂಪ್ ಹಚ್ಚಿ, ನಾಬ್ ಎಳೆದು, ಸ್ಕ್ರೂಡ್ರೈವರ್ ತುದಿಯಿಂದ ಪಿಕಪ್ ಮೇಲಿನ ಲೋಹದ ಬಿಲ್ಲೆಗಳ ಎರಡೂ ಸಾಲನ್ನು (ಒಂದು ಕಾಯಿಲ್‌ಗೆ ಒಂದು ಸಾಲು) ಮೆಲ್ಲಗೆ ತಟ್ಟಿ ನೋಡಿ. ಎಚ್ಚರ ಇರುವ ಕಾಯಿಲ್ ಟೊಕ್ ಅಂತ ಜೋರಾಗಿ ಹೇಳುತ್ತದೆ, ಮಲಗಿದ್ದು ಅಷ್ಟು ಹೇಳುವುದಿಲ್ಲ. ಒಂದು ಮಾತು: ನಡುವಿನ ಸ್ಥಾನದಲ್ಲಿ ಗುಂಯ್ ಪೂರ್ತಿ ಸಾಯಬೇಕಾದರೆ ಎರಡೂ ವಾಲ್ಯೂಮ್ ತುಂಬ ಇರಬೇಕು. ಒಂದನ್ನು ಇಳಿಸಿದರೆ ಸಮಬಲ ತಪ್ಪುತ್ತದೆ. ಎರಡು ವಾಲ್ಯೂಮ್ ಇರುವ ಫೆಂಡರ್ ಜಾಝ್ ಬೇಸ್ ಗಿಟಾರ್ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು.

ಪ್ರಶ್ನೆ: ನೆಕ್‌ನಲ್ಲಿ ಸೇಮೋರ್ ಡಂಕನ್, ಬ್ರಿಡ್ಜಿನಲ್ಲಿ ಡಿಮಾರ್ಜಿಯೋ. ಒಂದೊಂದೇ ನುಡಿಸಿದರೆ ಚೆನ್ನಾಗಿವೆ. ಎರಡೂ ಸೇರಿಸಿದರೆ ಸದ್ದು ಮೂಗಿನಲ್ಲಿ ಹಾಡಿದ ಹಾಗೆ ತೆಳ್ಳಗಾಗುತ್ತದೆ.

ಉತ್ತರ: ಫೇಸ್ ತಿರುವುಮುರುವಾಗಿದೆ, ಅಂದರೆ ಒಂದು ಪಿಕಪ್ಪಿನ ಅಲೆ ಏರುವಾಗ ಇನ್ನೊಂದರದ್ದು ಇಳಿಯುತ್ತಿದೆ. ಎರಡು ಕಂಪನಿಗಳ ಬಣ್ಣಗಳು ಬೇರೆ. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಹಸಿರು ಗ್ರೌಂಡ್, ಕಪ್ಪು-ಬಿಳಿ ಸೇರಿಸಬೇಕು. ಡಂಕನ್ ಚಿತ್ರ ನೋಡಿಕೊಂಡು ಡಿಮಾರ್ಜಿಯೋ ಬೆಸೆದಿಲ್ಲ ತಾನೇ? ಮೊದಲು ಅದನ್ನು ನೋಡಿ. ಬಣ್ಣ ಸರಿ ಇದ್ದರೂ ಬೇರೆ ಬೇರೆ ಕಂಪನಿಯ ಪಿಕಪ್ ಜೊತೆಗೂಡಿಸುವಾಗ ಮೀಟರಿನಲ್ಲಿ ನೋಡಿಕೊಳ್ಳುವುದೇ ಸರಿ.

ಮಲ್ಟಿಮೀಟರನ್ನು 20 ಕಿಲೋ ಓಮ್‌ಗೆ ಇಡಿ. ಕೆಂಪು ಕಡ್ಡಿ ಹಾಟ್‌ಗೆ, ಕಪ್ಪು ಕಡ್ಡಿ ಗ್ರೌಂಡಿಗೆ. ಪಿಕಪ್ಪಿನ ಒಂದು ಸಾಲಿನ ಮೇಲೆ ಸ್ಕ್ರೂಡ್ರೈವರಿನ ಕಬ್ಬಿಣದ ಭಾಗ ಅಡ್ಡ ಮಲಗಿಸಿ, ಪಟ್ಟನೆ ಮೇಲಕ್ಕೆ ಎತ್ತಿ. ಎತ್ತಿದ ಕ್ಷಣ ಅಂಕಿ ಮೇಲೆ ಹಾರಿತಾ, ಕೆಳಗೆ ಬಿತ್ತಾ? ಎರಡೂ ಪಿಕಪ್ಪಿನಲ್ಲಿ ಒಂದೇ ಕಡೆ ಹೋಗಬೇಕು. ಡಿಜಿಟಲ್ ಮೀಟರಿನಲ್ಲಿ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ, ಎರಡು ಮೂರು ಸಲ ಮಾಡಿ. ಮುಳ್ಳಿನ ಮೀಟರ್ ಮನೆಯಲ್ಲಿ ಬಿದ್ದಿದ್ದರೆ ಅದೇ ಒಳ್ಳೇದು.

ಬೇರೆ ಬೇರೆ ಕಡೆ ಹೋದರೆ ಒಂದು ಪಿಕಪ್ಪಿನ ಹಾಟ್ ಮತ್ತು ಗ್ರೌಂಡ್ ವೈರ್ ಅದಲು ಬದಲು ಮಾಡಿ. ಬೋಳು ವೈರ್ ಮಾತ್ರ ಗ್ರೌಂಡಿನಿಂದ ಅಲುಗಾಡಬಾರದು.

ಮುಂದೆ ಸ್ಪ್ಲಿಟ್ ಮಾಡುವ ಯೋಚನೆ ಇದ್ದರೆ ಒಂದು ಸಣ್ಣ ದಿಕ್ಸೂಚಿಯೂ ಬೇಕು. ಅದನ್ನು ಪ್ರತಿ ಸಾಲಿನ ಹತ್ತಿರ ತಂದು ಮುಳ್ಳಿನ ಯಾವ ತುದಿ ಎಳೆಯುತ್ತದೆ ನೋಡಿ. ತೀರಾ ಅಂಟಿಸಬೇಡಿ, ಪಿಕಪ್ಪಿನ ಮ್ಯಾಗ್ನೆಟ್ ದಿಕ್ಸೂಚಿಯನ್ನೇ ಕೆಡಿಸಬಹುದು. ಆಮೇಲೆ ಬಣ್ಣ, ಕಂಪನಿ ಎಲ್ಲ ಮರೆತುಬಿಡಿ. ಫೇಸ್ ಒಂದೇ ಇದ್ದು, ಉಳಿಸಿಕೊಂಡ ಎರಡು ಕಾಯಿಲ್‌ಗಳ ಧ್ರುವ ಬೇರೆ ಬೇರೆ ಇದ್ದರೆ ಗುಂಯ್ ಕಳೆಯುತ್ತದೆ. ಫೇಸ್ ಒಂದೇ, ಧ್ರುವವೂ ಒಂದೇ ಅಂದರೆ ಕಳೆಯುವುದಿಲ್ಲ. ಯಾವ ಪಿಕಪ್ಪಿಗಾದರೂ ಈ ಲೆಕ್ಕ ತಪ್ಪುವುದಿಲ್ಲ.

ಪ್ರಶ್ನೆ: ಮೂರು ಸಿಂಗಲ್ ಕಾಯಿಲ್ ಇರುವ ಗಿಟಾರ್. ಒಳಗಡೆ ಪೂರ್ತಿ ತಾಮ್ರದ ಹಾಳೆ ಅಂಟಿಸಿದೆ. ಜಿರ್ರ್ ಅನ್ನುವುದು ಹೋಯಿತು, ಗುಂಯ್ ಅನ್ನುವುದು ಹೋಗಲಿಲ್ಲ.

ಉತ್ತರ: ಹೋಗುವುದೂ ಇಲ್ಲ. ಅವು ಎರಡು ಬೇರೆ ರೋಗ. ಜಿರ್ರ್ ಅನ್ನುವುದು ವಿದ್ಯುತ್ ಕ್ಷೇತ್ರದಿಂದ ಬರುತ್ತದೆ, ಅದನ್ನು ಗ್ರೌಂಡ್ ಮಾಡಿದ ತಾಮ್ರದ ಹಾಳೆ ತಡೆಯುತ್ತದೆ. ಗುಂಯ್ ಬರುವುದು ಟ್ರಾನ್ಸ್‌ಫಾರ್ಮರಿನಂಥವು ಬೀರುವ ಕಾಂತ ಕ್ಷೇತ್ರದಿಂದ. ಆ ತೆಳು ಹಾಳೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಗಿಟಾರ್ ಹಿಡಿದುಕೊಂಡು ನಿಂತಲ್ಲೇ ನಿಧಾನ ತಿರುಗಿ. ಸದ್ದು ಏರಿಳಿದರೆ ಅದು ಕಾಂತದ್ದು. ಅದನ್ನು ಇನ್ನೊಂದು ಕಾಯಿಲ್ಲೇ ಕಳೆಯಬೇಕು. ನಡುವಿನ ಪಿಕಪ್ ಮಾತ್ರ ತಿರುಗಿಸಿ ಸುತ್ತಿದ, ಧ್ರುವವೂ ತಿರುಗಿಸಿದ್ದನ್ನು ಹಾಕಿದರೆ ಐದು ಸ್ಥಾನದ ಸ್ವಿಚ್ಚಿನಲ್ಲಿ ಎರಡನೆಯದೂ ನಾಲ್ಕನೆಯದೂ ಶಾಂತವಾಗುತ್ತವೆ. ಉಳಿದ ಮೂರೂ ಸ್ಥಾನ ಶಾಂತ ಆಗಬೇಕು ಅಂದರೆ ಒಂದರ ಕೆಳಗೆ ಒಂದು ಕಾಯಿಲ್ ಇರುವ ಸ್ಟ್ಯಾಕ್ ಪಿಕಪ್ ಹಾಕಬೇಕು, ಆಗ ಸದ್ದಿನ ಗುಣ ಸ್ವಲ್ಪ ಬದಲಾಗುತ್ತದೆ.

ಪ್ರಶ್ನೆ: ಸ್ಪ್ಲಿಟ್ ಮಾಡಿದರೆ ಸದ್ದು ಬಡಕಲು, ವಾಲ್ಯೂಮೂ ಕಡಿಮೆ. ಇದಕ್ಕೆ ಬೇರೆ ದಾರಿ ಇಲ್ಲವೇ?

ಉತ್ತರ: ಇದೆ, ಮತ್ತು ಹೆಚ್ಚಿನ ಜನಕ್ಕೆ ಅದೇ ಬೇಕಿರುತ್ತದೆ ಅಂತ ನನ್ನ ಅನಿಸಿಕೆ. ಸ್ಪ್ಲಿಟ್ ಮಾಡಿದ ಹಂಬಕರ್ ಸುಮ್ನೆ ಅರ್ಧ ಹಂಬಕರ್, ಅದು ನಿಜವಾದ ಸಿಂಗಲ್ ಕಾಯಿಲ್ ಆಗುವುದಿಲ್ಲ. ಅದರಲ್ಲೂ ಕಡಿಮೆ ಸುತ್ತಿನ ಹಳೇ ಶೈಲಿಯ ಪಿಕಪ್ ಆದರೆ ತೀರಾ ಸೊರಗುತ್ತದೆ.

ಮೊದಲನೇ ದಾರಿ, ಅರ್ಧಂಬರ್ಧ ಸ್ಪ್ಲಿಟ್. ಸ್ವಿಚ್ಚಿನಿಂದ ಗ್ರೌಂಡಿಗೆ ಹೋಗುವ ಆ ವೈರಿನ ನಡುವೆ ಒಂದು ರೆಸಿಸ್ಟರ್ ಹಾಕಿ. 1 ಕಿಲೋ ಓಮಿನಿಂದ 5 ಕಿಲೋ ಓಮ್ ತನಕ ಹಾಕಿ ನೋಡಬಹುದು. ಮಲಗಬೇಕಾದ ಕಾಯಿಲ್ ಪೂರ್ತಿ ಮಲಗದೆ ತೂಕಡಿಸುತ್ತಿರುತ್ತದೆ. ಸದ್ದಿಗೆ ಮೈ ಬರುತ್ತದೆ, ಗುಂಯ್ ಕೂಡ ಒಂದಿಷ್ಟು ಇಳಿಯುತ್ತದೆ. ಬೆಸೆಯುವ ಮುಂಚೆ ಬೇರೆ ಬೇರೆ ಓಮಿನ ಎರಡು ಮೂರು ರೆಸಿಸ್ಟರ್ ಕ್ಲಿಪ್ ವೈರಿನಲ್ಲಿ ಸಿಕ್ಕಿಸಿ, ಒಂದನ್ನು ಕಿವಿಯಿಂದಲೇ ಆರಿಸಿಕೊಳ್ಳಿ.

ಎರಡನೇ ದಾರಿ, ಪ್ಯಾರಲಲ್. ಎರಡು ಕಾಯಿಲನ್ನು ಸಾಲಾಗಿ ಜೋಡಿಸುವ ಬದಲು ಪಕ್ಕಪಕ್ಕ ಜೋಡಿಸುವುದು. ಒಂದೊಂದು ಕಾಯಿಲ್ 4 ಕಿಲೋ ಓಮ್ ಅಂದುಕೊಳ್ಳಿ. ಸಾಲಾಗಿ 8, ಸ್ಪ್ಲಿಟ್‌ನಲ್ಲಿ 4, ಪ್ಯಾರಲಲ್‌ನಲ್ಲಿ 2. ಸದ್ದು ತಿಳಿಯಾಗಿ ಹೊಳೆಯುತ್ತದೆ. ಎರಡೂ ಕಾಯಿಲ್ ಎಚ್ಚರ ಇರುವುದರಿಂದ ಗುಂಯ್ ಇಲ್ಲವೇ ಇಲ್ಲ. ವಾಲ್ಯೂಮ್ ಇಳಿಯುತ್ತದೆ ನಿಜ. ಆದರೆ ಜಾಸ್ತಿ ಗೇನ್ ಇಟ್ಟು ನುಡಿಸುವವರಿಗೆ ಸ್ಪ್ಲಿಟ್‌ಗಿಂತ ಇದೇ ವಾಸಿ. ಇದಕ್ಕೆ ಪುಷ್-ಪುಲ್ ಸ್ವಿಚ್ಚಿನ ಆರೂ ಕಾಲು ಬೇಕಾಗುತ್ತವೆ. ಹಾಗಾಗಿ ಒಂದು ನಾಬಿಗೆ ಒಂದೇ ಪಿಕಪ್.

ಪ್ರಶ್ನೆ: ಹಳೇ ಹಂಬಕರ್, ಒಂದೇ ವೈರ್, ಮೇಲೆ ಲೋಹದ ಹೆಣಿಗೆ. ಸ್ಪ್ಲಿಟ್ ಆಗುತ್ತದಾ?

ಉತ್ತರ: ಹೊರಗಿನಿಂದ ಆಗುವುದಿಲ್ಲ. ಎರಡು ಕಾಯಿಲ್ ಸೇರುವ ಜಾಗ ಪಿಕಪ್ಪಿನ ಒಳಗೇ ಇದೆ. ಬಿಚ್ಚಿ, ಟೇಪ್ ತೆಗೆದು, ಅಲ್ಲಿಂದ ಇನ್ನೊಂದು ವೈರ್ ಹೊರಗೆ ತರಬೇಕು. ಒಳಗಿನ ತಾಮ್ರದ ಎಳೆ ಸುಮಾರು 0.06 ಮಿಲಿಮೀಟರ್ ದಪ್ಪ, ಉಗುರು ತಾಗಿದರೂ ತುಂಡಾಗುತ್ತದೆ. ಪಿಕಪ್ ಅಗ್ಗದ್ದಾದರೆ ಧೈರ್ಯ ಮಾಡಿ. ಹಳೇದು, ಬೆಲೆಬಾಳುವಂಥದ್ದು ಆದರೆ ಕೈ ಹಚ್ಚಬೇಡಿ. ಅದನ್ನು ತೆಗೆದು ಜೋಪಾನ ಮಾಡಿಟ್ಟು, ನಾಲ್ಕು ವೈರಿನದ್ದು ಬೇರೆ ಹಾಕಿಕೊಳ್ಳಿ. ಪುಷ್-ಪುಲ್ ಪಾಟ್ ತರುವ ಮುಂಚೆ ಗಿಟಾರಿನ ಒಳಗುಳಿಯ ಆಳವನ್ನೂ ಅಳೆದುಕೊಳ್ಳಿ. ಅದು ಮಾಮೂಲಿ ಪಾಟ್‌ಗಿಂತ ಉದ್ದ, ತೆಳು ಮೈಯ ಗಿಟಾರಿನಲ್ಲಿ ಮುಚ್ಚಳ ಕೂರುವುದಿಲ್ಲ. ಆಗ ಸಣ್ಣ ಟಾಗಲ್ ಸ್ವಿಚ್ ಹಾಕಬೇಕಾಗುತ್ತದೆ, ಅದಕ್ಕೆ ಮರದಲ್ಲಿ ಹೊಸ ತೂತು ಕೊರೆಯಬೇಕು.