ಶುಗರ್ ಗಾಯಕ್ಕೆ ಜೆಲ್ ಹಾಕಿದರೆ ಕೊಳೆಯುತ್ತಾ?

ಪ್ರಶ್ನೆ: ನಮ್ಮ ಅತ್ತೆಗೆ 64 ವರ್ಷ, 15 ವರ್ಷದಿಂದ ಶುಗರ್ ಇದೆ. ಅಂಗಾಲಲ್ಲಿ, ಹೆಬ್ಬೆರಳ ಬುಡಕ್ಕೆ ಗಾಯವಾಗಿ ಐದು ವಾರ ಆಯಿತು. ನೋವೇ ಇಲ್ಲ ಅಂತಾರೆ. ಡಾಕ್ಟರು ಹೈಡ್ರೋಜೆಲ್ ಡ್ರೆಸ್ಸಿಂಗ್ ಹಾಕಿದ್ದಾರೆ. ತೇವ ಇದ್ದರೆ ಕೊಳೆಯುತ್ತೆ, ಗಾಳಿಗೆ ಬಿಟ್ಟು ಒಣಗಿಸಿ ಅಂತ ಮನೆಯವರು ಹೇಳ್ತಿದ್ದಾರೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಡಾಕ್ಟರ ಮಾತು ಕೇಳಿ. ಆದರೆ ‘ನೋವೇ ಇಲ್ಲ’ ಅಂತ ಬರೆದಿದ್ದೀರಲ್ಲ, ಅದು ನನಗೆ ಚಿಂತೆ ತಂದಿತು. ಅದಕ್ಕೆ ಆಮೇಲೆ ಬರುತ್ತೇನೆ.

ಗಾಯ ವಾಸಿಯಾದರೆ ನಾವು ‘ಒಣಗಿತು’ ಅಂತೀವಿ, ಹಾಗಾಗಿ ಒಣಗಿಸಬೇಕು ಅನ್ನಿಸೋದು ಸಹಜ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಇದನ್ನು ಪರೀಕ್ಷೆ ಮಾಡಿದರು. ಗಾಳಿಗೆ ಬಿಟ್ಟ ಗಾಯಕ್ಕಿಂತ, ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತ್ತು. ಹಕ್ಕಳೆ ಗಟ್ಟಿ ಕಟ್ಟಿದರೆ ಹೊಸ ಚರ್ಮ ಅದರ ಅಡಿಯಲ್ಲಿ ನುಸುಳಿಕೊಂಡು ಬರಬೇಕು, ಅಲ್ವಾ?

ಕಾಮಕಸ್ತೂರಿ ಬೀಜ ನೆನೆಸಿದಾಗ ಸುತ್ತ ಲೋಳೆ ಕಟ್ಟುತ್ತಲ್ಲ, ಹೈಡ್ರೋಜೆಲ್ ಕೂಡ ಹಾಗೇ. ಬಹುಪಾಲು ನೀರು, ಪಾಲಿಮರ್ ಎಳೆಗಳ ಬಲೆ ಅದನ್ನು ಹಿಡಿದಿಟ್ಟಿರುತ್ತೆ. ಒಣಗಿದ ಗಾಯಕ್ಕೆ ತೇವ ಕೊಡುತ್ತೆ, ಸತ್ತ ಪದರ ಮೆತ್ತಗಾಗಿ ಬಿಟ್ಟುಕೊಳ್ಳುತ್ತೆ. ಆದರೆ ರಸ ಜಾಸ್ತಿ ಸೋರುವ ಗಾಯಕ್ಕೆ ಇದು ಸರಿಹೋಗಲ್ಲ, ಸುತ್ತಲಿನ ಚರ್ಮ ನೆಂದು ಬೆಳ್ಳಗಾಗಿ ಕಿತ್ತು ಬರುತ್ತೆ. ಬೆರಳು ಕಪ್ಪಗೆ ಒಣಗಿದ್ದರೂ ಬೇಡ, ಮೊದಲು ಕಾಲಿಗೆ ರಕ್ತ ಹರಿಯುತ್ತಿದೆಯಾ ಅಂತ ನೋಡಬೇಕು. ಅದಕ್ಕೇ ಮೆಡಿಕಲ್ ಶಾಪಿನಿಂದ ಟ್ಯೂಬ್ ತಂದು ನೀವೇ ಹಚ್ಚಬೇಡಿ.

ಈಗ ನೋವಿನ ವಿಷಯ. ಶುಗರ್‌ನಿಂದ ಕಾಲಿನ ನರಗಳು ಸತ್ತಂತಾಗಿರುತ್ತವೆ. ಅತ್ತೆ ಪ್ರತಿ ಹೆಜ್ಜೆಗೂ ಆ ಗಾಯವನ್ನೇ ತುಳಿಯುತ್ತಿದ್ದಾರೆ, ಅವರಿಗೆ ಗೊತ್ತೇ ಆಗುತ್ತಿಲ್ಲ. ಭಾರ ತಪ್ಪಿಸದೆ ಎಂಥ ಜೆಲ್ ಹಾಕಿದರೂ ಪ್ರಯೋಜನ ಕಡಿಮೆ. ಗಾಯದ ಮೇಲೆ ಭಾರ ಬೀಳದಂಥ ಕ್ಯಾಸ್ಟ್ (ಕಾಲಿಗೆ ಹಾಕುವ ಗಟ್ಟಿ ಕಟ್ಟು) ಅಥವಾ ವಿಶೇಷ ಪಾದರಕ್ಷೆ ಬೇಕು, ಮನೆಯೊಳಗೂ ಬೇಕು. ದೊಡ್ಡ ಗಣಪತಿ ಗುಡಿಯಲ್ಲಿ ಬರಿಗಾಲ ಪ್ರದಕ್ಷಿಣೆ ಸದ್ಯಕ್ಕೆ ಬೇಡ, ಮನೆಯಿಂದಲೇ ಕೈ ಮುಗಿಯಲಿ.

ನಾಲ್ಕು ವಾರದಲ್ಲಿ ಗಾಯ ಅರ್ಧದಷ್ಟು ಕುಗ್ಗದಿದ್ದರೆ ಚಿಕಿತ್ಸೆಯನ್ನೇ ಮತ್ತೆ ಪರಿಶೀಲಿಸಬೇಕು. ನಿಮ್ಮಲ್ಲಿ ಐದಾಗಿದೆ. ಕಾಲಿನ ರಕ್ತ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಆಗಿದೆಯಾ, ಮೂಳೆಗೆ ಸೋಂಕು ಇಳಿದಿದೆಯಾ ಅಂತ ಎಕ್ಸ್‌ರೇ ತೆಗೆದಿದ್ದಾರಾ ಅಂತ ಡಾಕ್ಟರನ್ನು ಕೇಳಿ. ಪಾದದ ಚಿಕಿತ್ಸೆಗೆಂದೇ ವಿಭಾಗ ಇರುವ ಆಸ್ಪತ್ರೆಗೆ ತೋರಿಸಿ. ಕಾಲು ಕೆಂಪಗೆ ಬಿಸಿಯಾದರೆ, ಕೆಟ್ಟ ವಾಸನೆ ಅಥವಾ ಜ್ವರ ಬಂದರೆ ಅವತ್ತೇ ಹೊರಡಿ, ಸೋಮವಾರ ಬರಲಿ ಅಂತ ಕಾಯಬೇಡಿ.