ಓದುಗರ ಪ್ರಶ್ನೆ: ಹಳೆ ಗೋವಾದಲ್ಲಿ ನೂಕುನುಗ್ಗಲಿಲ್ಲದ ಬರೋಕ್ ಇಗರ್ಜಿ ಯಾವುದು?

ಪ್ರಶ್ನೆ: ನಮ್ಮ ಸಂತ ಅಲೋಶಿಯಸ್ ಚಾಪೆಲ್ ನೋಡಿದ ಮೇಲೆ ಬರೋಕ್ ಕಟ್ಟಡಗಳ ಬಗ್ಗೆ ಆಸಕ್ತಿ ಮೂಡಿದೆ. ಡಿಸೆಂಬರ್‌ನಲ್ಲಿ ಗೋವಾಕ್ಕೆ ಹೋಗುವವನಿದ್ದೇನೆ. ಹೆಚ್ಚು ಜನ ಹೋಗದ, ಸನ್ಯಾಸಿಗಳ ಮಠವೂ ಜೊತೆಗಿರುವ ಇಗರ್ಜಿಯೊಂದನ್ನು ಸೂಚಿಸುವಿರಾ? ಒಳಗೆ ಫೋಟೊ ತೆಗೆಯುವುದು ಹೇಗೆ?
– ಓದುಗರು, ಕಂಕನಾಡಿ, ಮಂಗಳೂರು

ಉತ್ತರ: ಅಲೋಶಿಯಸ್ ಚಾಪೆಲ್ ಕಟ್ಟಿದ್ದು 1880ರ ದಶಕದಲ್ಲಿ, ಇಟಲಿಯ ಚಿತ್ರಕಾರ ಅಂತೋನಿಯೊ ಮೊಸ್ಕೇನಿ ಅದರಲ್ಲಿ ಚಿತ್ರ ಬರೆದದ್ದು ಇನ್ನೂ ಆಮೇಲೆ. ಅಷ್ಟರಲ್ಲಿ ಬರೋಕ್ ಯುಗ, ಅಂದರೆ 17–18ನೇ ಶತಮಾನದ ಅಲಂಕಾರಭರಿತ ಯುರೋಪಿಯನ್ ಶೈಲಿಯ ಕಾಲ, ಮುಗಿದು ಶತಮಾನವೇ ಕಳೆದಿತ್ತು. ಆ ಯುಗದ ಕಟ್ಟಡವನ್ನೇ ನೋಡಬೇಕೆಂದಿದ್ದರೆ ಹಳೆ ಗೋವಾದ ಸಂತ ಕಜೆತಾನರ ಇಗರ್ಜಿಗೆ ಹೋಗಿ. ಬಾಂ ಜೀಸಸ್ ಬೆಸಿಲಿಕಾ ಮತ್ತು ಸೇ ಕೆಥೆಡ್ರಲ್ ನೋಡಿ ಹಿಂದಿರುಗುವ ಪ್ರವಾಸಿ ಬಸ್ಸುಗಳು ಇಲ್ಲಿಯವರೆಗೆ ಬರುವುದು ಕಡಿಮೆ.

ಇದನ್ನು ಕಟ್ಟಿದವರು ಥಿಯೇಟಿನ್ ಪಂಗಡದ ಇಟಾಲಿಯನ್ ಸನ್ಯಾಸಿಗಳು. ಗೋಲ್ಕೊಂಡದಲ್ಲಿ ಧರ್ಮಪ್ರಚಾರ ಮಾಡಲೆಂದು ಪೋಪ್ ಎಂಟನೆಯ ಅರ್ಬನ್ ಕಳುಹಿಸಿದ್ದ ಇವರಿಗೆ ಅಲ್ಲಿ ನೆಲೆ ಸಿಗಲಿಲ್ಲ. 1640ರ ಹೊತ್ತಿಗೆ ಗೋವಾದಲ್ಲಿ ನೆಲೆಯೂರಿ, 1655ರ ಸುಮಾರಿಗೆ ಕೆಲಸ ಆರಂಭಿಸಿ, ರೋಮ್‌ನ ಸಂತ ಪೇತ್ರರ ಬೆಸಿಲಿಕಾದ ಮಾದರಿಯಲ್ಲಿ ಈ ಇಗರ್ಜಿಯನ್ನು ಎಬ್ಬಿಸಿದರು. ತುದಿಯಲ್ಲಿ ಎಲೆಗಳ ಕೆತ್ತನೆಯಿರುವ ಕೊರಿಂಥಿಯನ್ ಕಂಬಗಳು, ಗೂಡುಗಳಲ್ಲಿ ಸಂತರ ಪ್ರತಿಮೆಗಳು ಎಲ್ಲವೂ ರೋಮ್‌ನ ನೆನಪೇ. ಆದರೆ ಬಿಳಿ ಗಾರೆಯ ಒಳಗಿರುವುದು ನಮ್ಮ ಕರಾವಳಿಯ ಮುರಕಲ್ಲು.

ರೋಮ್‌ನ ಮೂಲಕ್ಕೆ ಅಂಟಿದ ತೊಡಕು ಇಲ್ಲಿಗೂ ಬಂದಿದೆ: ಹತ್ತಿರ ಹೋದಷ್ಟೂ ಮುಂಭಾಗವೇ ಗುಮ್ಮಟವನ್ನು ಮರೆಮಾಡುತ್ತದೆ. ಆದ್ದರಿಂದ ಹೊರಗಿನ ಚಿತ್ರವನ್ನು ಸಾಧ್ಯವಾದಷ್ಟು ದೂರದಿಂದ, ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡದೆ ತೆಗೆಯಿರಿ. ಓರೆ ಮಾಡಿದರೆ ಎರಡೂ ಗೋಪುರಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ. ಬಿಳಿ ಗೋಡೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರನ್ನು ದಾರಿ ತಪ್ಪಿಸಿ ಚಿತ್ರವನ್ನು ಮಂಕಾಗಿಸುತ್ತದೆಯಾದ್ದರಿಂದ ಎಕ್ಸ್‌ಪೋಶರನ್ನು (ಚಿತ್ರಕ್ಕೆ ಸಿಗುವ ಬೆಳಕನ್ನು) ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಹೆಚ್ಚಿಸಿಕೊಳ್ಳಬೇಕು. ಒಳಗೆ ಚಿನ್ನದ ಲೇಪದ ಬಲಿಪೀಠಗಳನ್ನು ತೆಗೆಯುವಾಗ ಈ ಹೆಚ್ಚುವರಿಯನ್ನು ಮರೆಯದೆ ತೆಗೆದುಹಾಕಿ, ಇಲ್ಲವಾದರೆ ಕೆತ್ತನೆಯ ಉಬ್ಬುಗಳೆಲ್ಲ ಬೆಳ್ಳಗಾಗಿ ಹೋಗುತ್ತವೆ.

ನನ್ನ ದೃಷ್ಟಿಯಲ್ಲಿ ಇಲ್ಲಿಯ ನಿಜವಾದ ವಿಷಯ ಪೀಠಗಳಲ್ಲ, ಗುಮ್ಮಟದ ಕೆಳಗಿನ ಜಾಗ. ಸರಿಯಾಗಿ ಅದರ ನಡುವಿಗೆ ಒಂದು ಬಾವಿಯಿದೆ. ಅದರ ಮೇಲೆ ಚೌಕದ ಕಟ್ಟೆ ಮತ್ತು ಮುಚ್ಚಳ. ಹೀಗಾಗಿ ಗುಮ್ಮಟದ ಕೇಂದ್ರಬಿಂದುವಿನಲ್ಲಿ ಯಾರೂ ನಿಲ್ಲುವಂತಿಲ್ಲ. ಕಟ್ಟೆಗೆ ತಾಗಿ, ಪ್ರಧಾನ ಪೀಠದ ನೇರಕ್ಕೆ ಬರುವಂತೆ ಕ್ಯಾಮೆರಾವನ್ನು ನೆಲದ ಮೇಲೆ ಮಲಗಿಸಿ, ಲೆನ್ಸ್ ಮೇಲ್ಮುಖವಾಗಿಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿ. ಚಿತ್ರ ಒಂದೇ ದಿಕ್ಕಿಗೆ ತುಸು ಸರಿದಿರುತ್ತದೆ, ಓರೆಕೋರೆಯಾಗುವುದಿಲ್ಲ. ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕಾದ್ದರಿಂದ ಈ ಉಪಾಯವೇ ಸುಲಭ. ಪೂಜೆ ನಡೆಯುತ್ತಿದ್ದರೆ ಕ್ಯಾಮೆರಾ ಚೀಲದಲ್ಲೇ ಇರಲಿ. ಫ್ಲ್ಯಾಶ್ ಅಂತೂ ಬೇಡವೇ ಬೇಡ.

ಪಕ್ಕದ ಮಠದಲ್ಲಿ ಈಗ ಥಿಯೇಟಿನರಿಲ್ಲ. ಪೋರ್ಚುಗೀಸ್ ಸರ್ಕಾರ 1834ರಲ್ಲಿ ಸನ್ಯಾಸಿ ಪಂಗಡಗಳನ್ನು ರದ್ದುಗೊಳಿಸಿದ ಮೇಲೆ ಅವರ ಕಾಲ ಮುಗಿಯಿತು. ಆದರೂ ಕಟ್ಟಡ ಚರ್ಚಿನ ಬಳಕೆಯಲ್ಲೇ ಇದೆ, ಆದ್ದರಿಂದ ಕೇಳದೆ ಒಳಗೆ ಕಾಲಿಡಬೇಡಿ. ಆದಿಲ್ ಶಾಹಿ ಅರಮನೆಯದೆಂದು ಹೇಳುವ ಕಪ್ಪು ಕಲ್ಲಿನ ಹೆಬ್ಬಾಗಿಲು ಹತ್ತಿರದಲ್ಲೇ ಇದೆ; ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಡಿಸೆಂಬರ್ 3 ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ, ಅದರ ಹಿಂದಿನ ದಿನಗಳೆಲ್ಲ ನೊವೇನಾ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ. ಇಡೀ ಊರು ತುಂಬಿರುತ್ತದೆ. ಅದು ಕಳೆದ ಮೇಲೆ ಹೊರಡಿ. ಕೊಂಕಣ ರೈಲಿನಲ್ಲಿ ಹಳೆ ಗೋವಾಕ್ಕೆ ಹತ್ತಿರದ ನಿಲ್ದಾಣ ಕರ್ಮಲಿ. ನಿಮ್ಮ ರೈಲು ಅಲ್ಲಿ ನಿಲ್ಲದಿದ್ದರೆ ಮಡಗಾಂವ್‌ನಲ್ಲಿ ಇಳಿದು ಪಣಜಿಯ ಮೂಲಕ ಬಸ್ಸಿನಲ್ಲಿ ಹೋಗಬಹುದು.