ಗುಣವಾಗದ ಮನೆಯಲ್ಲಿ ಏನೆಂದು ಪ್ರಾರ್ಥಿಸುವುದು?

ಓದುಗರ ಪತ್ರ

ಮಾನ್ಯ ಸಂಪಾದಕರೇ, ಸಕಲೇಶಪುರ ತಾಲ್ಲೂಕಿನ ಒಂದು ಎಸ್ಟೇಟಿನ ಲೈನ್ ಮನೆಯಿಂದ ಬರೆಯುತ್ತಿದ್ದೇನೆ. ಸಕ್ಕರೆ ಕಾಯಿಲೆಯಿಂದ ನಮ್ಮ ಯಜಮಾನರ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಮೂರು ಸಲ ಹಾಸನಕ್ಕೆ ಡಯಾಲಿಸಿಸ್‌ಗೆ ಹೋಗಿಬರುತ್ತೇವೆ. ಉಪವಾಸವಿದ್ದು ಪ್ರಾರ್ಥಿಸಿದೆ, ಸಭೆಯವರೂ ಪ್ರಾರ್ಥಿಸಿದರು, ಗುಣವಾಗಲಿಲ್ಲ. ನಂಬಿಕೆ ಸಾಲದು ಅಂತ ಒಬ್ಬರು ಹೇಳಿದರು. ನಿಜವಾಗಿ ನಂಬಿದವರು ಮಿಷಿನ್ ಬಿಟ್ಟುಬಿಡಬೇಕು ಅಂತ ಇನ್ನೊಬ್ಬರು ಹೇಳಿದರು. ಈಗ ನನಗೆ ಪ್ರಾರ್ಥನೆಯೇ ಬರುವುದಿಲ್ಲ. ಭಾನುವಾರ ಸಾಕ್ಷಿ ಹೇಳುವ ಹೊತ್ತಿಗೆ ತಲೆ ತಗ್ಗಿಸಿ ಕೂರುತ್ತೇನೆ. ದೇವರು ಕೇಳಿಸಿಕೊಳ್ಳುತ್ತಿದ್ದಾನೆಯೇ? ಇನ್ನು ಏನಂತ ಪ್ರಾರ್ಥಿಸಲಿ? ಹೆಸರು ಹಾಕಬೇಡಿ.

ಸಂಪಾದಕರ ಉತ್ತರ

ಸಹೋದರಿ, ಮೊದಲು ಮಿಷಿನ್ ವಿಚಾರ. ಅದು ಮುಂದಿನ ವಾರದ ತನಕ ಕಾಯುವಂಥದ್ದಲ್ಲ. ಡಯಾಲಿಸಿಸ್‌ನ ಒಂದು ಸರದಿಯನ್ನೂ ತಪ್ಪಿಸಬೇಡಿ. ಕಿಡ್ನಿ ಕೆಲಸ ನಿಲ್ಲಿಸಿದ ಮೈಯಿಂದ ಪೊಟ್ಯಾಸಿಯಂ ಎಂಬ ಲವಣ ಹೊರಗೆ ಹೋಗಲು ಇರುವ ಮುಖ್ಯ ದಾರಿಯೇ ಆ ನಾಲ್ಕು ಗಂಟೆಯ ಮಿಷಿನ್. ಆ ಲವಣ ರಕ್ತದಲ್ಲಿ ಏರಿದರೆ ಮುನ್ಸೂಚನೆಯಿಲ್ಲದೆ ಎದೆಬಡಿತ ನಿಂತುಹೋಗಬಹುದು. ಹೊರಗೆ ಹೋಗದ ನೀರು ಶ್ವಾಸಕೋಶದಲ್ಲಿ ತುಂಬಿ ಉಸಿರು ಕಟ್ಟಬಹುದು. "ಮಿಷಿನ್ ಬಿಡಿ" ಎಂದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೂ ಅದು ತಪ್ಪು ಬೋಧನೆ, ಜೀವ ತೆಗೆಯುವ ಬೋಧನೆ. ಎಷ್ಟೋ ರೋಗಿಗಳು ತನ್ನ ಕೈಯಿಂದ ಗುಣವಾದದ್ದನ್ನು ಕಂಡಿದ್ದ ಪೌಲನೇ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ (1 ತಿಮೊಥೆ 5:23). ಜೊತೆಗಾರ ತ್ರೊಫಿಮನನ್ನು ಮಿಲೇತ ಊರಿನಲ್ಲಿ ಕಾಯಿಲೆಯಲ್ಲೇ ಬಿಟ್ಟುಬಂದೆ ಎಂದೂ ಬರೆದ (2 ತಿಮೊಥೆ 4:20). ಇಬ್ಬರಲ್ಲಿ ಒಬ್ಬರಿಗೂ ನಂಬಿಕೆ ಸಾಲದು ಎಂದು ಅವನು ಹೇಳಲಿಲ್ಲ.

ನಿಮ್ಮ ನಂಬಿಕೆಯನ್ನು ತೂಗಿದವರು ಯಾಕೋಬನ ಪತ್ರದ 5ನೇ ಅಧ್ಯಾಯವನ್ನೇ ಎತ್ತಿಕೊಂಡಿರಬೇಕು. ನಂಬಿಕೆಯ ಪ್ರಾರ್ಥನೆ ರೋಗಿಯನ್ನು ಉಳಿಸುತ್ತದೆ ಎಂಬ ಮಾತು ಅಲ್ಲಿದೆ, ನಿಜ. ಆದರೆ ಅಲ್ಲಿ ಪ್ರಾರ್ಥಿಸುವವರು ಯಾರು? ರೋಗಿ ಮಾಡಬೇಕಾದದ್ದು ಒಂದೇ ಕೆಲಸ, ಸಭೆಯ ಹಿರಿಯರನ್ನು ಕರೆಸುವುದು. ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸುವವರು ಹಿರಿಯರು. ನಂಬಿಕೆಯ ಭಾರವನ್ನು ಆ ವಚನ ಬಂದವರ ಹೆಗಲ ಮೇಲೆ ಇಡುತ್ತದೆ. ಹಾಸಿಗೆಯಲ್ಲಿರುವವನಿಂದಾಗಲಿ, ಅವನ ಆರೈಕೆಯಲ್ಲಿ ಸೋತ ಹೆಂಡತಿಯಿಂದಾಗಲಿ ಅದನ್ನು ಕೇಳುವುದಿಲ್ಲ. ಹಾಗಿದ್ದರೂ ನಮ್ಮ ಸಭೆಗಳಲ್ಲಿ ಆ ಭಾರ ಸುತ್ತಿ ಬಳಸಿ ರೋಗಿಯ ಮೇಲೆಯೇ ಬಂದು ಬೀಳುತ್ತದೆ. ಇದು ನಮಗೆ ಬಹಳ ನೋವು ಕೊಡುವ ಸಂಗತಿ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಮಾರ್ಕನ ಸುವಾರ್ತೆಯನ್ನು ತೆಗೆದು 11ನೇ ಅಧ್ಯಾಯದ 24ನೇ ವಚನವನ್ನೂ 14ನೇ ಅಧ್ಯಾಯದ 36ನೇ ವಚನವನ್ನೂ ಒಟ್ಟಿಗೆ ಓದಿ. ಪ್ರಾರ್ಥಿಸಿ ಕೇಳಿಕೊಂಡದ್ದನ್ನೆಲ್ಲ ಹೊಂದಿದ್ದೇವೆಂದು ನಂಬಿರಿ ಎಂದು ಯೇಸು ಹೇಳುವುದು ಮೊದಲನೆಯದರಲ್ಲಿ. ಎರಡನೆಯದರಲ್ಲಿ ಅದೇ ಯೇಸು, ಅದೇ ವಾರದಲ್ಲಿ, ಗೆತ್ಸೇಮನೆಯಲ್ಲಿ ನೆಲಕ್ಕೆ ಬಿದ್ದು, ತಂದೆಯೇ, ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ಬೇಡುತ್ತಾನೆ. ಪಾತ್ರೆ, ಅಂದರೆ ಮುಂದಿದ್ದ ಸಂಕಟ, ತೊಲಗಲಿಲ್ಲ. ಮರುದಿನ ಶಿಲುಬೆಯ ಮೇಲೆ, ಯಾಕೆ ನನ್ನನ್ನು ಕೈಬಿಟ್ಟಿದ್ದೀ ಎಂದು ಕೂಗಿದ. ಅವನಿಗೂ ನಂಬಿಕೆ ಸಾಲದಾಗಿತ್ತೇ? ನಿಮಗೆ ಹಾಗೆ ಹೇಳಿದವರಿಗೆ ಈ ಒಂದು ಪ್ರಶ್ನೆ ಕೇಳಿ ಸಾಕು, ಜಗಳ ಬೇಡ.

ಇಬ್ರಿಯರಿಗೆ ಬರೆದ ಪತ್ರದ 5:7 ಇದೇ ಪ್ರಾರ್ಥನೆಯ ಬಗ್ಗೆ ಇನ್ನೊಂದು ಮಾತು ಸೇರಿಸುತ್ತದೆ. ಮರಣದಿಂದ ತಪ್ಪಿಸಬಲ್ಲ ದೇವರಿಗೆ ಅವನು ಕಣ್ಣೀರು ಸುರಿಸಿ ಮೊರೆಯಿಟ್ಟ, ದೇವರು ಆ ಮೊರೆಯನ್ನು ಕೇಳಿದ ಎಂದು ಅಲ್ಲಿದೆ. ಕೇಳಿದ ಎನ್ನುತ್ತದೆ, ಆದರೆ ಯೇಸು ಸತ್ತ! ಈ ಎರಡೂ ಒಟ್ಟಿಗೆ ನಿಲ್ಲುವುದು ಮೂರನೆಯ ದಿನದಿಂದ ಮಾತ್ರ. ಉತ್ತರ ಬಂತು, ಸಮಾಧಿಯ ಆಚೆ ಕಡೆಯಿಂದ ಬಂತು. ಅದಕ್ಕೇ ಕ್ರೈಸ್ತರ ನಿರೀಕ್ಷೆಯನ್ನು ರಕ್ತ ಪರೀಕ್ಷೆಯ ಚೀಟಿಗೆ ಕಟ್ಟಿಹಾಕಬಾರದು. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಇಳಿದಾಗ ಏರಿ, ಏರಿದಾಗ ಕುಸಿಯುವುದಾದರೆ ಆ ನಿರೀಕ್ಷೆಗೆ ಪುನರುತ್ಥಾನದ ಅಗತ್ಯವೇ ಇರಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 8:23 ನಾವು ಕಾಯುತ್ತಿರುವುದು ನಮ್ಮ ದೇಹದ ಬಿಡುಗಡೆಗಾಗಿ ಎನ್ನುತ್ತದೆ. ನಿಮ್ಮ ಯಜಮಾನರ ಇದೇ ದೇಹಕ್ಕೂ ಅದರಲ್ಲಿ ಪಾಲಿದೆ. ಅಲ್ಲಿಯ ತನಕ ನರಳುತ್ತೇವೆ ಎಂದೂ ಅದೇ ವಚನ ಹೇಳುತ್ತದೆ. ಹಾಗಾಗಿ ನರಳುವವರನ್ನು ಅವಿಶ್ವಾಸಿಗಳ ಲೆಕ್ಕಕ್ಕೆ ಸೇರಿಸಲು ಯಾರಿಗೂ ಅಧಿಕಾರವಿಲ್ಲ.

ಪ್ರಾರ್ಥನೆ ಬರುವುದಿಲ್ಲ ಎಂದಿರಿ. 13ನೇ ಕೀರ್ತನೆಯಿಂದ ಶುರುಮಾಡಿ. ಆರೇ ವಚನ. ಮೊದಲ ಎರಡರಲ್ಲಿ ಎಲ್ಲಿಯ ತನಕ, ಎಲ್ಲಿಯ ತನಕ ಎಂದು ನಾಲ್ಕು ಸಲ ದೇವರನ್ನೇ ಕೇಳುವ ದೂರಿದೆ. ನಡುವಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಭರವಸೆ. ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಇದೇ ಕ್ರಮದಲ್ಲಿ ನಿಮ್ಮ ಮಾತು ಬರೆಯಿರಿ. ದೂರು ಬರೆಯುವಾಗ ಸುಮ್ಮನೆ "ಕಷ್ಟ" ಎಂದು ಬರೆಯಬೇಡಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ: ಬೆಳಗಿನ ಬಸ್ಸು, ತಪ್ಪಿದ ಕೂಲಿ, ಸೂಜಿ ಚುಚ್ಚುವಾಗ ಅವರು ಮುಖ ತಿರುಗಿಸುವುದು, ಅಕ್ಕಪಕ್ಕದವರ ಮಾತು. ಬೇಡಿಕೆ ಚಿಕ್ಕದಾಗಿರಲಿ, ಒಂದು ದಿನಕ್ಕೆ ಆಗುವಷ್ಟು: ಇವತ್ತು ಮಿಷಿನ್ ಮೇಲೆ ಬಿಪಿ ಬೀಳದಿರಲಿ, ರಾತ್ರಿ ನಾಲ್ಕು ಗಂಟೆ ನಿದ್ದೆ ಬರಲಿ. ಪೂರ್ತಿ ಗುಣವಾಗಲಿ ಎಂದು ಕೇಳುವುದನ್ನೂ ಬಿಡಬೇಕಾಗಿಲ್ಲ. ಪೌಲನು ತನ್ನ ಮೈಯಲ್ಲಿನ ಮುಳ್ಳು ಎಂದು ಕರೆದ ಬಾಧೆ ತೊಲಗಲೆಂದು ಮೂರು ಸಲ ಬೇಡಿದ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂದ ಮೇಲೆ ನಿಲ್ಲಿಸಿದ (2 ಕೊರಿಂಥ 12:8-9). ನಿಮಗೆ ಅಂಥ ಉತ್ತರ ಬಂದಿಲ್ಲ, ಕೇಳುತ್ತಿರಿ. ಸುಸ್ತಾದ ದಿನ ಬಿಡಿ, ಬೇರೆಯವರು ಕೇಳಲಿ.

ಇದರಲ್ಲಿ ಸಾಮಾನ್ಯವಾಗಿ ಎಡವುವುದು ಕೊನೆಯ ಎರಡು ವಚನಗಳಲ್ಲಿ. ಸಭೆಯಲ್ಲಿ ನಮಗೆ ಸ್ತುತಿಯಿಂದಲೇ ಆರಂಭಿಸಿ ಅಭ್ಯಾಸ. ಆದ್ದರಿಂದ ದೂರನ್ನು ನುಂಗಿಕೊಂಡು ನೇರವಾಗಿ ಭರವಸೆಗೆ ಹಾರುತ್ತೇವೆ. ಒಳಗಿರುವುದು ಒಂದು, ಬಾಯಲ್ಲಿ ಬರುವುದು ಇನ್ನೊಂದು ಆಗುತ್ತದೆ, ಕೆಲವು ವಾರಗಳಲ್ಲಿ ಬಾಯಿಯೂ ಕಟ್ಟಿಹೋಗುತ್ತದೆ. ನಿಮಗೆ ಆಗಿರುವುದು ಇದೇ ಇರಬಹುದು. ಭರವಸೆಯ ಸಾಲು ಬರದಿದ್ದರೆ ಜಾಗ ಖಾಲಿ ಬಿಡಿ. 88ನೇ ಕೀರ್ತನೆಯಲ್ಲಿ ಆ ಭಾಗವೇ ಇಲ್ಲ. ಹದಿನೆಂಟು ವಚನ ಮೊರೆಯಿಟ್ಟು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಬೈಬಲಿನಿಂದ ತೆಗೆದುಹಾಕಲಿಲ್ಲ. ಆ ಕವಿ ಬಯ್ದದ್ದು, ಅತ್ತದ್ದು ಎಲ್ಲವೂ ದೇವರ ಎದುರಿಗೇ, ಹಗಲೂ ರಾತ್ರಿ. ನಂಬಿಕೆ ಸತ್ತವರು ದೇವರೊಂದಿಗೆ ಇಷ್ಟು ಜಗಳವಾಡುವುದಿಲ್ಲ. ಅಷ್ಟೂ ಆಗದ ದಿನ ರೋಮಾಪುರ 8:26 ಇದೆ. ನಮಗೆ ಮಾತು ಸಿಗದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ. ಆ ದಿನ ಕರ್ತನ ಪ್ರಾರ್ಥನೆಯನ್ನು ನೀವೊಂದು ಸಾಲು, ಅವರೊಂದು ಸಾಲು ಹೇಳಿದರೆ ಸಾಕು.

ಪ್ರವಾದಿ ಹಬಕ್ಕೂಕನ ಪುಸ್ತಕ ಮೂರೇ ಅಧ್ಯಾಯ, ಡಯಾಲಿಸಿಸ್ ನಡೆಯುವ ಹೊತ್ತಿನಲ್ಲಿ ಓದಿ ಮುಗಿಸಬಹುದು. ಕೊನೆಯಲ್ಲಿ ಅವನು ಆರು ನಷ್ಟಗಳನ್ನು ಸಾಲಾಗಿ ಹೇಳಿ, ಆದರೂ ದೇವರಲ್ಲಿ ಉಲ್ಲಾಸಿಸುತ್ತೇನೆ ಎನ್ನುತ್ತಾನೆ. ನಮ್ಮ ಕಡೆಯವರಾದರೆ ಹೀಗೆ ಹೇಳಿಯಾರು: ಹೂಮಳೆ ಬಾರದಿದ್ದರೂ, ಕೊಳೆರೋಗಕ್ಕೆ ಕಾಫಿ ಕಾಯಿ ಉದುರಿದರೂ, ಮೆಣಸಿನ ಬಳ್ಳಿ ಸೊರಗಿದರೂ, ಗದ್ದೆ ಬೀಳುಬಿದ್ದರೂ, ಕೊಟ್ಟಿಗೆ ಬರಿದಾದರೂ. ಆ ಉಲ್ಲಾಸವನ್ನೇ ನಿಮ್ಮಿಂದ ಕೇಳುವವರಿಗೆ ಅದೇ ಪುಸ್ತಕದ 1:2 ತೋರಿಸಿ. ಎಷ್ಟು ಕಾಲ ಕೂಗಿದರೂ ನೀನು ಕೇಳುವುದಿಲ್ಲವಲ್ಲ ಎಂದೇ ಅವನು ಬಾಯಿ ತೆರೆದದ್ದು.

ಉಪವಾಸದ ಬಗ್ಗೆ ಒಂದು ಮಾತು. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವ ನಿಮ್ಮ ಯಜಮಾನರು ಡಾಕ್ಟರನ್ನು ಕೇಳದೆ ಉಪವಾಸ ಮಾಡಲೇಬಾರದು, ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಬಹುದು. ನೀವೂ ಸದ್ಯಕ್ಕೆ ನಿಲ್ಲಿಸಿ. ಸಾಯಬೇಕೆಂದು ಜಾಲಿಗಿಡದ ಕೆಳಗೆ ಮಲಗಿದ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಎರಡು ಸಲ ಎಬ್ಬಿಸಿ ಊಟ ಕೊಟ್ಟ, ನಡುವೆ ಮಲಗಲು ಬಿಟ್ಟ (1 ಅರಸುಗಳು 19). ನಿದ್ದೆ, ಊಟ ಎರಡೂ ಬಿಟ್ಟು ಬದುಕೇ ಬೇಡ ಎನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನು ನಿಮ್ಮ ಸಭೆಯವರಿಗೆ. ಈ ಭಾಗವನ್ನು ಅಯ್ಯನವರಿಗೂ ಹಿರಿಯರಿಗೂ ಓದಿ ತೋರಿಸಿ. ಮಂಚ ಹೊತ್ತು ತಂದ ನಾಲ್ವರ ನಂಬಿಕೆಯನ್ನು ನೋಡಿ ಯೇಸು ಪಾರ್ಶ್ವವಾಯು ರೋಗಿಯೊಂದಿಗೆ ಮಾತಾಡಿದ (ಮಾರ್ಕ 2:3-5). ಸಕಲೇಶಪುರದಿಂದ ಹಾಸನಕ್ಕೆ ವಾರಕ್ಕೆ ಮೂರು ಸಲ ಹೋಗಿಬರುವ ಈ ಮನೆಗೆ ಬೇಕಾಗಿರುವುದೂ ಅಂಥ ನಾಲ್ವರೇ. ಯಾವ ವಾರ ಯಾರು ಜೊತೆಗೆ ಹೋಗುತ್ತಾರೆ ಎಂದು ಹೆಸರು ಬರೆದು ಗೋಡೆಗೆ ಹಚ್ಚಿ. "ಏನಾದರೂ ಬೇಕಾದರೆ ಹೇಳಮ್ಮ" ಎಂದರೆ ಆಕೆ ಎಂದೂ ಹೇಳುವುದಿಲ್ಲ. "ಗುರುವಾರ ನಾನು ಹೋಗ್ತೀನಿ, ನೀನು ಮಲಗು" ಎನ್ನಿ. ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣು, ಕಿತ್ತಳೆ ಒಯ್ಯಬೇಡಿ. ಪ್ರೀತಿಯಿಂದ ಕೊಡುವ ಇವುಗಳಲ್ಲೇ ಪೊಟ್ಯಾಸಿಯಂ ತುಂಬಿರುತ್ತದೆ. ಭಾನುವಾರ ಸಾಮಾನ್ಯವಾಗಿ ಎರಡು ಸರದಿಗಳ ನಡುವಿನ ಉದ್ದದ ಬಿಡುವಿನಲ್ಲಿ ಬರುತ್ತದೆ, ಅಪಾಯ ಹೆಚ್ಚಿರುವುದೂ ಆಗಲೇ. ಸುಗ್ಗಿ ಹಬ್ಬದ ಊಟಕ್ಕೆ ಅವರನ್ನು ಒತ್ತಾಯ ಮಾಡಬೇಡಿ. ಎಣ್ಣೆ ಹಚ್ಚಿ ಪ್ರಾರ್ಥಿಸಲು ಹೋದಾಗ ತಲೆಯ ಮೇಲೆ ಕೈಯಿಡಿ. ಡಯಾಲಿಸಿಸ್ ಸೂಜಿಗಾಗಿ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ ತೋಳನ್ನು ಒತ್ತಿ ಹಿಡಿದರೆ ಅದು ಮುಚ್ಚಿಹೋಗಬಹುದು. ಕರ್ತನ ಭೋಜನವನ್ನು ಮನೆಗೇ ಒಯ್ಯಿರಿ, ಆ ಒಂದು ಗುಟುಕನ್ನು ಅವರ ದಿನದ ನೀರಿನ ಲೆಕ್ಕಕ್ಕೆ ಸೇರಿಸಿಕೊಂಡರಾಯಿತು. ಹೇಳಲು ಏನೂ ತೋಚದಿದ್ದರೆ ಸುಮ್ಮನೆ ಕೂರಿ. ಯೋಬನ ಗೆಳೆಯರು ಏಳು ದಿನ ಮಾತಿಲ್ಲದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಆಮೇಲೆ ಬಾಯಿ ಬಿಟ್ಟು ಕಾರಣ ವಿವರಿಸಿದ್ದಕ್ಕೇ ದೇವರು ಸಿಟ್ಟಾದದ್ದು (ಯೋಬ 42:7).

ಸಹೋದರಿ, ಸಾಕ್ಷಿಯ ಹೊತ್ತಿನಲ್ಲಿ ತಲೆ ತಗ್ಗಿಸಬೇಡಿ. ಎದ್ದು ನಿಂತು ಇಷ್ಟೇ ಹೇಳಿ: "ಗುಣವಾಗಿಲ್ಲ. ವಾರಕ್ಕೆ ಮೂರು ದಿನ ಹಾಸನಕ್ಕೆ ಹೋಗುತ್ತಿದ್ದೇವೆ. ದೇವರನ್ನು ಕೇಳುವುದನ್ನು ಬಿಟ್ಟಿಲ್ಲ. ನೀವೂ ಕೇಳಿ." ಇದು ಪೂರ್ತಿ ಸಾಕ್ಷಿ. ನಿಲ್ಲಲು ಆಗದಿದ್ದರೆ ಈ ನಾಲ್ಕು ಸಾಲನ್ನು ಚೀಟಿಯಲ್ಲಿ ಬರೆದು ಅಯ್ಯನವರ ಕೈಗೆ ಕೊಡಿ, ಅವರು ಓದುತ್ತಾರೆ. ಸಭೆಯಲ್ಲಿ ಜೊತೆಗೆ ಹೋಗುವವರ ಏರ್ಪಾಡು ಆಗದಿದ್ದರೆ ನಮಗೆ ಮತ್ತೆ ಪತ್ರ ಬರೆಯಿರಿ, ನಿಮ್ಮ ಹಿರಿಯರಿಗೆ ನಾವೇ ಬರೆಯುತ್ತೇವೆ.

– ಸಂಪಾದಕರು